ಕೊಕ್ಕರೆದೊಡ್ಡಿಯ ಸ್ಟೇರಿಂಗು

ನಮ್ಮನೆಯವರಿಗೆ ಸೈಕಲ್ ಬರುವುದಿಲ್ಲ, ಈಜು ಬರುವುದಿಲ್ಲ, ಬಾಯಿ ಮುಚ್ಚಿಕೊಂಡು ಒಂದು ಗಳಿಗೆ ಕೂರುವುದಂತೂ ಹುಟ್ಟಿದಾಗಿನಿಂದಲೂ ಬರುವುದಿಲ್ಲ. ಬರುತ್ತಿದ್ದದ್ದು ಒಂದೇ, ದೋಣಿ ಓಡಿಸುವುದು. ಅದೊಂದು ಬರುತ್ತದೆ ಎಂಬ ಜಂಬದಲ್ಲೇ ಅವರು ಹನ್ನೆರಡು ವರ್ಷ ತಳ್ಳಿದರು. ಕೇಳಿ ಕೇಳಿ ತೂತಾದ ಕಿವಿ ಮಾತ್ರ ನನ್ನದು.

ನಮ್ಮೂರು ಕೊಕ್ಕರೆದೊಡ್ಡಿ ಇರುವುದು ಹೊಂಗನೂರಿನಿಂದ ಒಂದಿಷ್ಟು ಒಳಕ್ಕೆ, ಒಂದು ದೊಡ್ಡ ಕೆರೆಯ ಹಿಂಬದಿಯಲ್ಲಿ. ಬಸ್ಸು ನಿಲ್ಲುವ ಜಾಗ, ಹಾಲಿನ ಡೈರಿ, ರೇಷನ್ ಅಂಗಡಿ ಎಲ್ಲವೂ ಆಚೆ ದಡದಲ್ಲಿ. ಕೆರೆ ಸುತ್ತಿಕೊಂಡು ಹೋಗಲು ರಸ್ತೆ ಇದೆ, ಆದರೆ ಅದನ್ನು ರಸ್ತೆ ಎಂದು ಕರೆಯಲು ದೊಡ್ಡ ಮನಸ್ಸು ಬೇಕು. ಆ ದಾರಿಯಲ್ಲಿ ಹೋದರೆ ಕ್ಯಾನಿನ ಹಾಲು ಅರ್ಧ ಬೆಣ್ಣೆಯಾಗುತ್ತದೆ, ಚೀಲದ ರೇಷ್ಮೆಗೂಡು ಜಜ್ಜಿಹೋಗುತ್ತದೆ. ಅದಕ್ಕೇ ಊರವರೆಲ್ಲ ಸೇರಿ ಮೋಟರು ಕೂರಿಸಿದ ಒಂದು ಸಣ್ಣ ದೋಣಿ ತಂದರು. ಅರಳಿಕಟ್ಟೆ ಸವೆಸಿಕೊಂಡು ಕೂತಿದ್ದ ನಮ್ಮನೆಯವರನ್ನು, ಅಂದರೆ ಬೋರಲಿಂಗಯ್ಯನವರನ್ನು, ಅದಕ್ಕೆ ಡ್ರೈವರ್ ಮಾಡಿದರು.

ಆ ದೋಣಿಗೆ ಒಂದು ಐಬು ಇತ್ತು. ಸ್ಟೇರಿಂಗನ್ನು ಎಡಕ್ಕೆ ತಿರುಗಿಸಿದರೆ ದೋಣಿ ಬಲಕ್ಕೆ ಹೋಗುತ್ತಿತ್ತು, ಬಲಕ್ಕೆ ತಿರುಗಿಸಿದರೆ ಎಡಕ್ಕೆ. ಟ್ರ್ಯಾಕ್ಟರ್ ಓಡಿಸುವವರು, ಆಟೋ ಓಡಿಸುವವರು, ಸ್ವಂತ ಕಾರಿರುವ ಡೈರಿ ಸೆಕ್ರೆಟರಿ ಅನಂತರಾಜು, ಒಬ್ಬೊಬ್ಬರಾಗಿ ಎಲ್ಲರೂ ಕೂತು ನೋಡಿದರು. ಎಲ್ಲರೂ ದೋಣಿಯನ್ನು ಸೀದಾ ತೆಗೆದುಕೊಂಡು ಹೋಗಿ ಜೊಂಡಿಗೆ ನುಗ್ಗಿಸಿದರು. ನಮ್ಮನೆಯವರು ಮಾತ್ರ ಹೂವು ಎತ್ತಿದಂತೆ ಓಡಿಸಿದರು. ಕಾರಣ ಬೇರೇನಲ್ಲ, ಅವರು ಹುಟ್ಟಿದ ಮೇಲೆ ಹಿಡಿದ ಮೊದಲ ಸ್ಟೇರಿಂಗು ಅದು. ಎಡವೆಂದರೆ ಬಲ ಎಂದೇ ಕೈ ಕಲಿತುಬಿಟ್ಟಿತು.

ಆದರೆ ಊರವರ ಮುಂದೆ ಅವರು ಹಾಗೆ ಹೇಳಿದವರಲ್ಲ. ಅದಕ್ಕೊಂದು ಶಾಸ್ತ್ರವನ್ನೇ ಕಟ್ಟಿದ್ದರು.

"ನೆಲದ ಮ್ಯಾಗಿಂದೇ ಬ್ಯಾರೆ, ನೀರಿನ ಮ್ಯಾಗಿಂದೇ ಬ್ಯಾರೆ ಕಣ್ರಲಾ. ನೀರ್ನಾಗೆ ತೆಂಗಿನ ಮರದ ನೆಳ್ಳು ನೋಡು, ತಲೆ ಕೆಳಕ್ಕೆ ಐತೋ ಇಲ್ವೋ? ನೀರಂದ್ರೆ ಎಲ್ಲಾ ಉಲ್ಟಾ. ಅದು ತಿಳ್ದೋನು ದೋಣಿ ಹಿಡೀಬೇಕು, ತಿಳೀದೋನು ದಡದಾಗೆ ಕುಂತು ಬೀಡಿ ಸೇದಬೇಕು."

ಊರವರು ಹೌದು ಹೌದು ಎಂದು ತಲೆಯಾಡಿಸುತ್ತಿದ್ದರು. ನಮ್ಮತ್ತೆ ದೊಡ್ಡಲಕ್ಷ್ಮಮ್ಮನವರಂತೂ ತಮ್ಮ ಮಗನಿಗೆ ಗಂಗಮ್ಮನೇ ಒಲಿದಿದ್ದಾಳೆ ಎಂದು ನಂಬಿದ್ದರು. ನನಗೆ ಮಾತ್ರ ಮೈಯೆಲ್ಲ ಉರಿಯುತ್ತಿತ್ತು. ಹಿಪ್ಪುನೇರಳೆ ಸೊಪ್ಪಿನ ಹೊರೆ ಕಟ್ಟಿಕೊಂಡು ದಿನಾ ಟಿವಿಎಸ್ ಓಡಿಸುವವಳು ನಾನು. ಒಂದು ಸಲ ನಾನೂ ದೋಣಿ ಓಡಿಸಿ ನೋಡುತ್ತೇನೆ ಎಂದಿದ್ದಕ್ಕೆ, "ಇದೇನು ಸೊಪ್ಪಿನ ಗಾಡಿ ಅಂದ್ಕೊಂಡ್ಯಾ ಅಮ್ಮಿ?" ಎಂದು ಇಡೀ ದೋಣಿಯ ಜನರೆದುರು ನಕ್ಕಿದ್ದರು. ಆ ನಗುವನ್ನು ನಾನು ಇವತ್ತಿಗೂ ಮರೆತಿಲ್ಲ.

ಹಳೇ ಮೋಟರು ಈ ವರ್ಷ ಹೊಗೆ ಉಗುಳಲು ಶುರು ಮಾಡಿತು. ಊರವರು ಅದನ್ನು ಕಿತ್ತು, ಅದಕ್ಕಿಂತ ದೊಡ್ಡದೊಂದನ್ನು ತಂದು ಕೂರಿಸಿದರು. ಮೋಟರೇನೋ ಗಟ್ಟಿಮುಟ್ಟಾದ ಹೋರಿ, ಸ್ಟೇರಿಂಗು ಮಾತ್ರ ಹಳೆಯದೇ. ಚಕ್ರದಿಂದ ಮೋಟರಿನ ತನಕ ದೋಣಿಯ ಎರಡೂ ಪಕ್ಕದಲ್ಲಿ ರಾಟೆಗಳ ಮೇಲೆ ಹಗ್ಗ ಎಳೆದಿತ್ತು, ಅದು ನವೆದು ದಾರವಾಗಿತ್ತು. ಚಕ್ರವನ್ನು ಅರ್ಧ ಸುತ್ತು ತಿರುಗಿಸಿದರೂ ಹಿಂದಿನ ಮೋಟರಿಗೆ ಸುದ್ದಿ ಮುಟ್ಟುತ್ತಿರಲಿಲ್ಲ. ಒಂದು ಬೆಳಗ್ಗೆ ನಡುಗೆರೆಯಲ್ಲಿ ಆ ಹಗ್ಗ ಕಿತ್ತೇಹೋಯಿತು. ಹಾಲಿನ ಕ್ಯಾನು ತಬ್ಬಿಕೊಂಡು ಕೂತಿದ್ದ ನಮ್ಮತ್ತೆಯ ಸಮೇತ ದೋಣಿ ಗಿರಗಿರನೆ ಸುತ್ತತೊಡಗಿತು. ಅತ್ತೆ ಮೊದಮೊದಲು ಕೈ ಮುಗಿದುಕೊಂಡಿದ್ದರು, ಆಮೇಲೆ ಹೇಳಿದರು:

"ಪ್ರದಕ್ಷಿಣೆ ಸಾಕು ಕಣ್ಲಾ ಬೋರಾ. ದಡಕ್ಕೆ ಬುಡು, ತಲೆ ತಿರುಗ್ತೈತೆ."

ಹಳೇ ಸ್ಟೇರಿಂಗು ಮಾಡಿಕೊಟ್ಟವನು ಚನ್ನಪಟ್ಟಣದ ನಜೀರಣ್ಣ. ಬೊಂಬೆ ಕಡೆಯುವವನು. ಚಕ್ರವನ್ನೂ ಹಾಲೆಮರದಲ್ಲಿ ಕಡೆದು, ಬೊಂಬೆಗೆ ಹಾಕುವ ಹಾಗೆಯೇ ಅರಗಿನ ಕೆಂಪು, ಹಳದಿ ಪಟ್ಟೆ ಹಾಕಿಕೊಟ್ಟಿದ್ದ. ಈಗ ಅವನ ಮಗ ವಾಸಿಂ ಪೇಟೆಯಲ್ಲಿ ಗ್ಯಾರೇಜು ಇಟ್ಟುಕೊಂಡಿದ್ದಾನೆ. ಮಂಗಳೂರಿನಿಂದ ಬಸ್ಸಿನಲ್ಲಿ ಹೊಸ ಸ್ಟೇರಿಂಗಿನ ಪಾರ್ಸೆಲ್ ತರಿಸಿ, ಅಪ್ಪನನ್ನೂ ಕರೆದುಕೊಂಡು ಬಂದ. ಹಳೇ ಹಗ್ಗ ಬಿಚ್ಚುವಾಗ ಚಕ್ರದ ಕೆಳಗೆ ತಲೆ ತೂರಿಸಿದವನು ಅಲ್ಲೇ ನಗತೊಡಗಿದ.

"ಅಬ್ಬಾ, ಈ ಹಗ್ಗಾನ ಯಾಕೆ ಕತ್ತರಿ ಥರ ಅಡ್ಡ ಹಾಕಿದ್ದೀರಿ? ಎಡದ್ದು ಬಲಕ್ಕೆ ಹೋಗಿದೆ, ಬಲದ್ದು ಎಡಕ್ಕೆ."

ನಜೀರಣ್ಣ ಗಡ್ಡ ಸವರಿಕೊಂಡ. "ಮತ್ತೆ ಹ್ಯಾಗೆ ಹಾಕ್ಬೇಕಿತ್ತು? ನಮ್ಮಪ್ಪನ ರೇಷ್ಮೆ ಚರಕದಲ್ಲಿ ಪಟ್ಟಿ ಹಾಕೋದೇ ಹಾಗೆ. ಅಡ್ಡ ಹಾಕಿದ್ರೆ ಜಾರಲ್ಲ. ಚಿಕ್ಕೋನಿದ್ದಾಗಿಂದ ಹಾಕಿ ಹಾಕಿ ಅಭ್ಯಾಸ. ಹನ್ನೆರಡು ವರ್ಷ ಜಾರಿತಾ ಹೇಳು?"

"ಜಾರಿಲ್ಲ. ಆದ್ರೆ ಸ್ಟೇರಿಂಗೇ ಉಲ್ಟಾ ಆಗಿದೆ."

ದಡದಲ್ಲಿ ಕೂತಿದ್ದವರೆಲ್ಲ ನಮ್ಮನೆಯವರ ಮುಖ ನೋಡಿದರು. ಗಂಗಮ್ಮ ಒಲಿದಿದ್ದು, ತೆಂಗಿನ ಮರದ ನೆಳ್ಳು, ನೀರಿನ ಶಾಸ್ತ್ರ, ಎಲ್ಲ ಒಂದು ಹಗ್ಗದ ಗಂಟಿಗೆ ಬಂದು ನಿಂತಿತ್ತು. ನಾನು ಸೆರಗನ್ನು ಬಾಯಿಗೆ ತುರುಕಿಕೊಂಡು ನಕ್ಕೆ. ಅವರು ಮಾತ್ರ ಏನೂ ಕೇಳಿಸದವರ ಹಾಗೆ ಆಕಾಶ ನೋಡುತ್ತಾ ನಿಂತಿದ್ದರು.

ಹೊಸದರಲ್ಲಿ ಹಗ್ಗವಿಲ್ಲ. ಚಕ್ರದ ಹಿಂದೆ ಒಂದು ಕಪ್ಪು ಡಬ್ಬಿ, ಅದರಿಂದ ಮೋಟರಿನ ತನಕ ಒಂದೇ ದಪ್ಪ ಕೇಬಲ್ಲು. ಎಲ್ಲ ಬಿಗಿದ ಮೇಲೆ ವಾಸಿಂ ನಮ್ಮಿಬ್ಬರನ್ನೂ ಕರೆದು ಹೇಳಿದ:

"ನೋಡಿ ಬೋರಣ್ಣ, ಈಗ ಎಡಕ್ಕೆ ತಿರುಗಿಸಿದ್ರೆ ಎಡಕ್ಕೇ ಹೋಗುತ್ತೆ. ಈ ಡಬ್ಬಿ ಮೇಲೂ ಕೆಳಗೂ ಒಂದೇ ಥರ ಕಾಣುತ್ತೆ. ನಾಲ್ಕು ಬೋಲ್ಟು ಬಿಚ್ಚಿ ತಲೆಕೆಳಗು ಕೂರಿಸಿದ್ರೆ ಮತ್ತೆ ಉಲ್ಟಾ ಆಗ್ಬಿಡುತ್ತೆ. ಯಾರೂ ಮುಟ್ಬೇಡಿ."

"ನಂಗೇ ಯೇಳ್ಕೊಡ್ತೀಯೇನ್ಲಾ ಮರಿ? ನೀನಿನ್ನೂ ಚಡ್ಡಿ ಹಾಕದಾಗಿಂದ ಓಡಿಸ್ತಾ ಇವ್ನಿ," ಎಂದರು ನಮ್ಮನೆಯವರು.

ಹೊಸ ಗಾಡಿ ಅಂದ ಮೇಲೆ ನಿಂಬೆಹಣ್ಣು ತುಳಿಸದೆ ಬಿಡುವುದುಂಟೆ? ಅತ್ತೆ ಅರಿಶಿನ ಕುಂಕುಮ ಹಚ್ಚಿ, ದಡದ ಕೆಸರಿನಲ್ಲಿ ದೋಣಿಯ ಮೂತಿಯ ಕೆಳಗೆ ಒಂದು ನಿಂಬೆಹಣ್ಣು ಇಟ್ಟರು. ಎಲ್ಲರೂ ಸೇರಿ ದೋಣಿ ನೂಕಿದರು. ಹಣ್ಣು ಪಚ್ಚೆನ್ನಲಿಲ್ಲ. ಕೆಸರಿನಲ್ಲಿ ಹೂತು, ಆಚೆಗೆ ಹೋಗಿ ಬುಳಕ್ಕನೆ ಮೇಲೆದ್ದು, ಕುಂಕುಮದ ಬೊಟ್ಟಿಟ್ಟುಕೊಂಡು ತೇಲುತ್ತಾ ಹೊರಟಿತು. ಅತ್ತೆಯ ಮುಖ ಸಪ್ಪಗಾಯಿತು.

ನಮ್ಮನೆಯವರು ಮೋಟರು ಶುರು ಮಾಡಿದರು. ಎದುರಿಗೆ ಬಟ್ಟೆ ಒಗೆಯುವ ಕಲ್ಲು. ಅದನ್ನು ತಪ್ಪಿಸಲು ಕೈ ತಾನಾಗಿ ಹಳೇ ಕಡೆಗೆ ತಿರುಗಿತು. ದೋಣಿ ಕಲ್ಲಿಗೇ ಮೂತಿ ತಿರುಗಿಸಿತು. ಗಾಬರಿಯಲ್ಲಿ ಇನ್ನೂ ಜೋರಾಗಿ ತಿರುಗಿಸಿದರು. ಕಲ್ಲು ಸವರಿಕೊಂಡು, ನೀರಿನಲ್ಲಿ ಮಲಗಿದ್ದ ಎಮ್ಮೆಗಳನ್ನೆಲ್ಲ ಎಬ್ಬಿಸಿ, ದೊಡ್ಡ ಮೋಟರಿನ ಜೋರಿಗೆ ದೋಣಿ ಜೊಂಡಿನ ಒಳಗೆ ಹೋಗಿ ಮಾಯವಾಯಿತು. ಸ್ವಲ್ಪ ಹೊತ್ತು ಜೊಂಡಿನ ತುದಿಗಳು ಅಲ್ಲಾಡುವುದಷ್ಟೇ ಕಾಣಿಸುತ್ತಿತ್ತು.

"ನಿಂಬೆಹಣ್ಣು ತುಳೀಲಿಲ್ಲವಲ್ಲ, ಅದ್ಕೇ," ಎಂದು ಒಳಗಿನಿಂದ ಅವರ ದನಿ ಬಂತು.

ಆ ವಾರವೆಲ್ಲ ಅದೇ ಪಾಡು. ಒಂದು ದಿನ ನಿಂಬೆಹಣ್ಣಿನ ತಪ್ಪು, ಒಂದು ದಿನ ಗಾಳಿಯ ತಪ್ಪು, ಒಂದು ದಿನ ಮಂಗಳೂರಿನವರದ್ದೇ ತಪ್ಪು. ಸಮುದ್ರಕ್ಕೆ ಮಾಡಿದ ಸ್ಟೇರಿಂಗು ಕೆರೆಗೆ ಒಗ್ಗುವುದಿಲ್ಲವಂತೆ. ಹಾಲು ತಡವಾಗಿ ತಲುಪಿತು. ಅನಂತರಾಜು ಡೈರಿಯಲ್ಲಿ ಕೂತು ಗಡಿಯಾರ ನೋಡಿ ನೋಡಿ ಸಾಕಾಗಿ, ಒಂದು ಸಂಜೆ ನಮ್ಮ ಜಗಲಿಗೇ ಬಂದ.

"ಬೋರಣ್ಣ, ಬೇಜಾರ್ ಮಾಡ್ಕಬ್ಯಾಡ. ಇನ್ನೊಂದ್ ಸತಿ ಜೊಂಡಿಗೆ ನುಗ್ಗಿದ್ರೆ ಬ್ಯಾರೆ ಯಾರಾನಾ ನೋಡ್ಬೇಕಾಯ್ತದೆ. ಊರ ದೋಣಿ, ಏನ್ ಮಾಡನ."

ಮರುದಿನವೇ ನಮ್ಮ ಗೂಡು ಮಾರುಕಟ್ಟೆಗೆ ಹೋಗಬೇಕಿತ್ತು. ತಿಂಗಳಿಡೀ ನಿದ್ದೆಗೆಟ್ಟು ಹುಳು ಸಾಕಿ, ಬಿಡಿಸಿ ತುಂಬಿದ ಗೂಡು. ಬಸ್ಸು ಹಿಡಿದು ಹರಾಜಿನ ಹೊತ್ತಿಗೆ ರಾಮನಗರ ಸೇರಬೇಕು. ಚೀಲಗಳ ಜೊತೆ ನಾನೂ ಹತ್ತಿದೆ. ಹಾಲಿನವರೂ ಹತ್ತಿದರು. ನಡುಗೆರೆ ದಾಟುವ ತನಕ ಎಲ್ಲ ಚೆನ್ನಾಗಿಯೇ ಇತ್ತು, ಏಕೆಂದರೆ ಅಲ್ಲಿಯ ತನಕ ಸೀದಾ ಹೋಗಬೇಕಿತ್ತು. ತಿರುಗಿಸುವ ಜಾಗ ಬಂತು, ಇವರು ತಿರುಗಿಸಿದರು, ಆಚೆ ದಡದ ಜೊಂಡು ಬಾಯಿ ತೆರೆದುಕೊಂಡು ಕಾದಿತ್ತು.

ಜೊಂಡಿನ ಒಳಗೆ ಕೂತಿರುವಾಗ ಬಸ್ಸಿನ ಹಾರನ್ನು ಕೇಳಿಸಿತು. ನಾನು ಎದ್ದು ನಿಂತೆ.

"ಏಳಿ ಮ್ಯಾಕೆ," ಎಂದೆ.

"ಏನಮ್ಮಿ?"

"ಏಳಿ ಅಂದೆ."

ನನ್ನ ಮುಖದಲ್ಲಿ ಏನಿತ್ತೋ, ಎದ್ದರು. ನಾನು ಹೋಗಿ ಕೂತೆ. ಮೋಟರನ್ನು ಹಿಂದಕ್ಕೆ ಕೊಟ್ಟು ದೋಣಿಯನ್ನು ಈಚೆಗೆ ಎಳೆದೆ. ಟಿವಿಎಸ್ ಹ್ಯಾಂಡಲ್ಲು ತಿರುಗಿಸುವ ಹಾಗೆಯೇ ಎಡಕ್ಕೆ ತಿರುಗಿಸಿದೆ, ದೋಣಿ ಎಡಕ್ಕೆ ಬಂತು. ಬಲಕ್ಕೆ ತಿರುಗಿಸಿದೆ, ಬಲಕ್ಕೆ ಬಂತು. ಇಷ್ಟೇನಾ ಎನ್ನಿಸಿತು. ಇಷ್ಟೇ ಆದದ್ದಕ್ಕೆ ಹನ್ನೆರಡು ವರ್ಷ ಇವರ ಶಾಸ್ತ್ರ ಕೇಳಿದೆನಲ್ಲ ಎಂದು ಸಿಟ್ಟೂ ಬಂತು. ಆದರೆ ಸಿಟ್ಟಿಗಿಂತ ಖುಷಿ ಜಾಸ್ತಿ ಇತ್ತು, ಸುಳ್ಳು ಯಾಕೆ ಹೇಳಲಿ. ಮುಖಕ್ಕೆ ನೀರಿನ ಹನಿ ಹಾರುತ್ತಿತ್ತು, ನಾನು ಎತ್ತ ಅಂದರೆ ಅತ್ತ ದೋಣಿ ಹೋಗುತ್ತಿತ್ತು. ನಮ್ಮ ಮನೆಯಲ್ಲಿ ನಾನು ಎತ್ತ ಅಂದರೆ ಅತ್ತ ಹೋಗುವಂಥದ್ದು ಅದಕ್ಕೆ ಮೊದಲು ಯಾವುದೂ ಇರಲಿಲ್ಲ.

ಬಸ್ಸು ಸಿಕ್ಕಿತು. ದಡದಲ್ಲಿ ನಿಂತಿದ್ದ ಅನಂತರಾಜು, "ಸರಸಕ್ಕ, ಇನ್ಮ್ಯಾಲೆ ನೀನೇ ಓಡುಸ್ಬುಡು," ಎಂದ. ಆಗಲಿ ಎಂದೆ. ಅಂದ ಮೇಲೆ ತಿರುಗಿ ಇವರ ಮುಖ ನೋಡಿದೆ. ಅವರು ಖಾಲಿ ಕ್ಯಾನೊಂದರ ಮುಚ್ಚಳ ತೆಗೆದು ಹಾಕಿ ಮಾಡುತ್ತಿದ್ದರು.

ಅವತ್ತಿನಿಂದ ಮನೆಯಲ್ಲಿ ಮಾತು ನಿಂತಿತು. ಜಗಳವಿಲ್ಲ, ಸಿಟ್ಟಿಲ್ಲ. ಹಾಕಿದಷ್ಟು ಮುದ್ದೆ ಉಂಡು ಎದ್ದು ಹೋಗುತ್ತಿದ್ದರು. ವಾಸಿಂ ಕಿತ್ತಿಟ್ಟಿದ್ದ ಹಳೇ ಚಕ್ರವನ್ನು ಮನೆಗೆ ತಂದು, ಜಗಲಿಯಲ್ಲಿ ತೊಡೆಯ ಮೇಲಿಟ್ಟುಕೊಂಡು ಕೂರುತ್ತಿದ್ದರು. ಕೆಂಪು ಹಳದಿ ಪಟ್ಟೆಯನ್ನು ಟವೆಲ್ಲಿನಿಂದ ಒರೆಸುವುದು, ಆಮೇಲೆ ಸುಮ್ಮನೆ ಆ ಕಡೆ ಈ ಕಡೆ ತಿರುಗಿಸುವುದು. ದಾರಿಯಲ್ಲಿ ಹೋಗುವವರು, "ಏನ್ ಬೋರಣ್ಣ, ಎತ್ತಾಗೆ ಸವಾರಿ?" ಎಂದು ಕೀಟಲೆ ಮಾಡಿದರೂ ಉತ್ತರ ಕೊಡುತ್ತಿರಲಿಲ್ಲ. ಇವರು ಸುಮ್ಮನಿದ್ದರೆ ಸಾಕೆಂದು ನಾನು ದೊಡ್ಡಮಳೂರಿನ ಅಪ್ರಮೇಯ ಸ್ವಾಮಿಗೆ ಎಷ್ಟು ಸಲ ಕೈ ಮುಗಿದಿದ್ದೆನೋ. ಸ್ವಾಮಿ ಕೊನೆಗೂ ಕೇಳಿಸಿಕೊಂಡಿದ್ದ. ಆದರೆ ಮೂರೇ ದಿನಕ್ಕೆ ನನಗೆ ಉಸಿರು ಕಟ್ಟಿತು. ಆ ಜಂಬದ ಮಾತಿಲ್ಲದೆ ಮನೆ ಮನೆಯಂತಿರಲಿಲ್ಲ. ಕೆರೆಯ ಮೇಲೆ ಇದ್ದಷ್ಟು ಹೊತ್ತು ನನಗೆ ಹಬ್ಬ, ದಡಕ್ಕೆ ಬಂದರೆ ಎದೆ ಭಾರ.

ನಜೀರಣ್ಣನಿಗೆ ಫೋನು ಮಾಡಿದೆ. "ಮೊದಲು ಉಲ್ಟಾ ಮಾಡಿದವನು ನೀನೇ. ಈಗ್ಲೂ ಬಂದು ನೀನೇ ಉಲ್ಟಾ ಮಾಡ್ಕೊಟ್ಟು ಹೋಗು," ಎಂದೆ. ಮರುದಿನ ಮಧ್ಯಾಹ್ನ, ಇವರು ಉಂಡು ಮಲಗಿದ್ದ ಹೊತ್ತಿಗೆ, ಪಾಪ, ಆ ರಸ್ತೆಯಲ್ಲಿ ಸೊಂಟ ಮುರಿದುಕೊಂಡು ಸ್ಕೂಟರಿನಲ್ಲಿ ಬಂದ. ದೋಣಿಯಲ್ಲಿ ಮಂಡಿಯೂರಿ, ನಾಲ್ಕು ಬೋಲ್ಟು ಬಿಚ್ಚುತ್ತಾ ಕೇಳಿದ:

"ಚೆನ್ನಾಗಿ ಓಡಿಸ್ತೀಯ ಅಂತ ಪೇಟೆ ತನಕ ಸುದ್ದಿ ಬಂದಿದೆ ಸರಸಮ್ಮ. ಇದನ್ನ ತಿರುಗಿಸಿದ್ರೆ ನಿಂಗೆ ಓಡಿಸೋಕಾಗಲ್ಲ. ನೋಡ್ಕೊ."

"ಗೊತ್ತು ಕಣಣ್ಣ. ಅವ್ರು ಬಾಯಿ ಬುಡ್ತಾ ಇಲ್ಲ."

"ಅದಕ್ಕೆ ಖುಷಿ ಪಡಬೇಕಲ್ಲಮ್ಮ."

"ನೀನು ಬೋಲ್ಟು ಬಿಗಿ."

ಅವನು ಡಬ್ಬಿಯನ್ನು ತಲೆಕೆಳಗು ಮಾಡಿ ಕೂರಿಸಿ ಬಿಗಿದ. ನಾನು ಆ ಚಕ್ರವನ್ನು ಒಂದು ಸಲ ಮುಟ್ಟಿದೆ, ಅಷ್ಟೇ. ಅಳು ಬಂತು. ಬಂದದ್ದನ್ನು ನುಂಗಿಕೊಂಡು, ಟಿವಿಎಸ್ ಹತ್ತಿ ಸೊಪ್ಪು ಕೊಯ್ಯಲು ತೋಟಕ್ಕೆ ಹೋದೆ.

ಸಂಜೆ ಹಾಲಿನ ಹೊತ್ತಿಗೆ ಬಂದು, "ಯಾಕೋ ರಟ್ಟೆ ನೋಯ್ತೈತೆ, ಇವತ್ತೊಂದಿನ ನೀವೇ ಓಡ್ಸಿ," ಎಂದೆ. ಒಲ್ಲೆ ಎನ್ನುತ್ತಾರೆ, ಬೇಡಿಕೊಳ್ಳಬೇಕು ಎಂದುಕೊಂಡಿದ್ದೆ. ಅವರು ಚಂಗನೆ ಎದ್ದರು.

"ನಾನೂ ಅದ್ನೇ ಯೇಳವ ಅಂತಿದ್ದೆ. ಪಾಪ, ದಣ್ದಿದ್ದೀಯ."

ಶರ್ಟು ಬದಲಾಯಿಸಿದರು, ತಲೆಗೆ ನೀರು ಹಚ್ಚಿ ಕ್ರಾಪು ಬಾಚಿದರು. ಊರಿಗೆ ಆಗಲೇ ಸುದ್ದಿ ಮುಟ್ಟಿತ್ತು. ಬೋರಣ್ಣ ಮತ್ತೆ ಓಡಿಸುತ್ತಾನಂತೆ ಎಂದು ದಡದ ತುಂಬ ಜನ. ಯಾವುದೋ ಕೆಲಸಕ್ಕೆ ಈ ಕಡೆ ಬಂದಿದ್ದ ಅನಂತರಾಜುವೂ ನಿಂತಿದ್ದ. ಹಾಲಿನವರು ಮಾತ್ರ ಯಾರೂ ಹತ್ತಲಿಲ್ಲ, ಕ್ಯಾನುಗಳನ್ನು ಹತ್ತಿಸಿ ತಾವು ದಡದಲ್ಲೇ ಉಳಿದರು. ನಾನೊಬ್ಬಳೇ ಹತ್ತಿದೆ. ಇವರು ಚಕ್ರದ ಮೇಲೆ ಕೈಯಿಟ್ಟು, ಜನರ ಕಡೆ ತಿರುಗಿದರು.

"ಈ ನಾಕು ದಿನ ನಾನ್ಯಾಕೆ ಬುಟ್ಟಿದ್ದೆ ಗೊತ್ತಾ? ಹೊಸಾ ಮೋಟರು ಪಳಗ್ಲಿ ಅಂತ. ನೀರಂದ್ರೆ ಏನು? ಎಲ್ಲಾ ಉಲ್ಟಾ."

ಆ ಮಾತು ಕೇಳಿ ನನ್ನ ಮನಸ್ಸು ಹಗುರಾಯಿತು. ಮೈ ಉರಿಯಲಿಲ್ಲ ಎಂಬುದೇ ಆಶ್ಚರ್ಯ.

ದೋಣಿ ಹೊರಟಿತು. ಒಗೆಯುವ ಕಲ್ಲು ಬಂತು. ಬಲಕ್ಕೆ ಹೋಗಬೇಕು. ಇವರು ಮೀಸೆಯಡಿಯಲ್ಲೇ ನಗುತ್ತಾ, ಹಳೇ ಗತ್ತಿನಲ್ಲಿ ಎಡಕ್ಕೆ ತಿರುಗಿಸಿದರು. ದೋಣಿ ಎಡಕ್ಕೇ ಹೋಯಿತು. ಎಮ್ಮೆಗಳಿಗೆ ಅಭ್ಯಾಸವಾಗಿಬಿಟ್ಟಿತ್ತು, ತಾವೇ ಎದ್ದು ದಾರಿ ಬಿಟ್ಟವು. ಜೊಂಡು ಸರಸರ ಎಂದು ನಮ್ಮನ್ನು ಒಳಗೆ ತೆಗೆದುಕೊಂಡಿತು.

ಮೋಟರು ನಿಂತಿತು. ನಾವಿಬ್ಬರೂ ಆ ಕಪ್ಪು ಡಬ್ಬಿಯನ್ನೇ ನೋಡುತ್ತಾ ಕೂತೆವು.

"ತಿರುಗ್ಸಿ ಬಿಗ್ದಿದ್ನಲ್ಲ," ಎಂದು ಇಬ್ಬರ ಬಾಯಲ್ಲೂ ಒಟ್ಟಿಗೇ ಬಂತು.

ಅವರು ನನ್ನ ಮುಖ ನೋಡಿದರು. "ಯಾರು ಬಿಗ್ದಿದ್ದು?"

"ನಜೀರಣ್ಣ. ಮಧ್ಯಾಹ್ನ ನೀವು ಮಲಗಿದ್ದಾಗ. ನೀವ್ಯಾರನ್ನ ಯೇಳ್ತಿದ್ದೀರಿ?"

"ನನ್ನೇ. ನೀನು ಸೊಪ್ಪಿಗೋದಾಗ ಸ್ಪ್ಯಾನರ್ ತಕ್ಕಂಡು ಬಂದು ನಾನೇ ತಿರುಗ್ಸಿದೆ."

ಅವರು ಅಂಗೈಯನ್ನು ಒಂದು ಸಲ ಮಗುಚಿದರು, ಇನ್ನೊಂದು ಸಲ ಮಗುಚಿದರು. ಕೈ ಮೊದಲಿದ್ದ ಹಾಗೆಯೇ ಬಂದು ನಿಂತಿತು. ಅದನ್ನೇ ನೋಡುತ್ತಾ ಕೇಳಿದರು:

"ನೀನ್ಯಾಕಮ್ಮಿ ತಿರುಗಿಸ್ದೆ? ನಿಂಗೇನಾಗಿತ್ತು? ಚೆಂದಾಗಿ ಓಡುಸ್ತಿದ್ದೆ. ನಾನೇ ನೋಡಿವ್ನಿ ದಡದಾಗೆ ನಿಂತ್ಕಂಡು."

"ನೀವು ಮಾತೇ ಆಡ್ತಿರಲಿಲ್ಲ. ನಂಗೆ ಸೇರ್ಲಿಲ್ಲ."

ಜೊಂಡಿನ ಬುಡದಲ್ಲಿ ಕುಂಕುಮದ ಬೊಟ್ಟು ಅಳಿಸಿಹೋದ ಒಂದು ನಿಂಬೆಹಣ್ಣು ಸಿಕ್ಕಿಕೊಂಡಿತ್ತು. ಅವರು ಅದನ್ನು ಎತ್ತಿಕೊಂಡು ಶರ್ಟಿಗೆ ಒರೆಸಿದರು.

"ನಿನ್ ಕೈಯಿಂದ ಕಿತ್ಕಳಾಕೆ ನಾನು ತಿರುಗಿಸ್ದೆ," ಎಂದರು. "ನನ್ ಕೈಗೆ ಕೊಡಾಕೆ ನೀನು ತಿರುಗಿಸ್ದೆ. ಥೂ ನನ್ ಜನ್ಮಕ್ಕೆ."

ಇಷ್ಟು ವರ್ಷದಲ್ಲಿ ಅವರು ತಪ್ಪು ಒಪ್ಪಿಕೊಂಡಿದ್ದು ಅದೇ ಮೊದಲು, ಅದಕ್ಕೆ ಜವಾಬು ಕೊಡುವ ಅಭ್ಯಾಸ ನನಗಿರಲಿಲ್ಲ.

ದಡದಿಂದ ಅನಂತರಾಜು ಕೂಗಿದ. "ಬೋರಣ್ಣ, ಏನಾಯ್ತು? ಜನ ಕಳುಸ್ಬೇಕಾ?"

ಇವರು ಎದ್ದು ನಿಂತರು. ಜೊಂಡಿನ ಮೇಲೆ ತಲೆ ಮಾತ್ರ ಕಾಣುವ ಹಾಗೆ ಕತ್ತು ಉದ್ದ ಮಾಡಿ ಕೂಗಿದರು:

"ಏನೂ ಆಗಿಲ್ಲ ಕಣ್ಲಾ. ಸರಸೀಗೆ ಜೊಂಡಿಂದ ಈಚೆಗೆ ತಗಿಯೋದ ಯೇಳ್ಕೊಡ್ತಾ ಇವ್ನಿ. ಅದೊಂದು ಕಲಿಯೋದು ಬಾಕಿ ಇತ್ತು. ನಾಳೆಯಿಂದ ಪೂರ್ತಿ ಅವಳೇ."

ಆಮೇಲೆ ನನಗೆ ಜಾಗ ಬಿಟ್ಟು, ದೋಣಿಯ ಮೂತಿಗೆ ಹೋಗಿ, ಹಾಲಿನ ಕ್ಯಾನುಗಳ ನಡುವೆ ಕಾಲು ಚಾಚಿ ಕೂತರು. ನಾನು ಮೋಟರು ಶುರು ಮಾಡಿ ಹಿಂದಕ್ಕೆ ಎಳೆದೆ. ಜೊಂಡಿನಿಂದ ಹೊರಗೆ ಬರುತ್ತಿದ್ದ ಹಾಗೆಯೇ ದಡದ ಜನ ಶಿಳ್ಳೆ ಹೊಡೆದರು. ಇವರು ನಿಂಬೆಹಣ್ಣು ಹಿಡಿದ ಕೈಯನ್ನು ಎತ್ತಿ ತೋರಿಸಿದರು, ಶಿಳ್ಳೆ ತಮಗೇ ಎನ್ನುವಂತೆ. ಬಾಯಿ ಬಿಚ್ಚಿಯೇಬಿಟ್ಟಿತು, ಗಾಳಿ ಹೇಗೆ ನೋಡಬೇಕು, ನೀರು ಹೇಗೆ ಓದಬೇಕು, ಮೋಟರಿನ ಕಿವಿ ಹೇಗೆ ಹಿಂಡಬೇಕು. ನಡುಗೆರೆಯ ತನಕ ಒಂದೇ ಸಮನೆ ಮಾತು. ನನ್ನ ಕಿವಿಗೆ ಜೀವ ಬಂತು.

ಆಚೆ ದಡದ ಹತ್ತಿರ, ಬಲಕ್ಕೆ ಹೋಗಬೇಕಾದ ಜಾಗ ಬಂತು. ಇವರು ಕೈ ಎತ್ತಿ, ಡೈರಿಯ ಮುಂದೆ ನಿಂತವರಿಗೆಲ್ಲ ಕೇಳಿಸುವ ಹಾಗೆ ಅಪ್ಪಣೆ ಕೊಟ್ಟರು:

"ಎಡಕ್ಕೆ ತಿರುಗ್ಸು ಸರಸಿ, ಎಡಕ್ಕೆ."

ನಾನು ಬಲಕ್ಕೆ ತಿರುಗಿಸಿದೆ. ದೋಣಿ ಸೀದಾ ಹೋಗಿ ದಡ ಮುಟ್ಟಿತು.

"ನೋಡಿದ್ರೇನ್ರಲಾ," ಎಂದರು ಅವರು ಕೆಳಗಿಳಿಯುತ್ತಾ, "ನಾನು ಯೇಳ್ದಂಗೇ ತಿರುಗಿಸಿದ್ಲು."

ಹೌದು ಎಂದೆ.